ಒಡೆಯರಪಾಳ್ಯದ ಹಿರಿಯರಿಗೆ ಮಕ್ಕಳ ಮನೆ ದೂರವೇಕೆ?

ಚೀನಾದ ಪ್ರಜೆಗಳಿಗೆ ಪ್ರವಾಸಿ ವೀಸಾ ನೀಡುವುದನ್ನು 2020ರಲ್ಲಿ ನಿಲ್ಲಿಸಿದ್ದ ಭಾರತವು 2025ರ ಜುಲೈ 24ರಿಂದ ಅದನ್ನು ಮತ್ತೆ ಆರಂಭಿಸಿತು. ಅದೇ ವರ್ಷ ಕೈಲಾಸ–ಮಾನಸ ಸರೋವರ ಯಾತ್ರೆ ಪುನರಾರಂಭವಾಯಿತು, ಅಕ್ಟೋಬರ್‌ನಲ್ಲಿ ಎರಡೂ ದೇಶಗಳ ನಡುವೆ ನೇರ ವಿಮಾನ ಸಂಚಾರವೂ ಶುರುವಾಯಿತು. ಈ ಬೆಳವಣಿಗೆಗಳನ್ನು ವ್ಯಾಪಾರ ಮತ್ತು ರಾಜತಾಂತ್ರಿಕತೆಯ ದೃಷ್ಟಿಯಿಂದ ಸಾಕಷ್ಟು ಚರ್ಚಿಸಲಾಗಿದೆಯಾದರೂ, ಚೀನಾದ ಪಾಸ್‌ಪೋರ್ಟ್ ಹೊಂದಿರುವ ವೃದ್ಧ ತಂದೆತಾಯಂದಿರು ಹೊರದೇಶದಲ್ಲಿ ನೆಲೆಸಿರುವ ಮಕ್ಕಳನ್ನು ನೋಡಲು ಬರುವ ಪ್ರಶ್ನೆಯು ಕರ್ನಾಟಕದ ಒಂದು ಗ್ರಾಮೀಣ ತಾಲ್ಲೂಕಿಗೂ ನೇರವಾಗಿ ಸಂಬಂಧಿಸಿದೆ ಎಂಬುದು ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಚಾಮರಾಜನಗರ ಜಿಲ್ಲೆಯ ಹನೂರು ತಾಲ್ಲೂಕಿನ ಒಡೆಯರಪಾಳ್ಯದಲ್ಲಿರುವ ಟಿಬೆಟನ್ನರ ಪುನರ್ವಸತಿ ನೆಲೆಯೇ ಆ ಸಂಬಂಧದ ಕೊಂಡಿ. ಅಲ್ಲಿನ ಕುಟುಂಬಗಳ ಪಾಲಿಗೆ ಹಿರಿಯರ ಭೇಟಿಯು ಎರಡು ದಿಕ್ಕಿನಲ್ಲಿ ತಡೆಯಲ್ಪಟ್ಟಿದೆ: ಟಿಬೆಟ್‌ನಲ್ಲಿ ಉಳಿದ ಹಿರಿಯರು ಇಲ್ಲಿಗೆ ಬರುವುದು ದುಸ್ತರ, ಇಲ್ಲಿ ಮುದುಕರಾದವರು ಅಮೆರಿಕ ಅಥವಾ ಕೆನಡಾದಲ್ಲಿರುವ ಮಕ್ಕಳ ಬಳಿಗೆ ಹೋಗುವುದೂ ಅಷ್ಟೇ ಪ್ರಯಾಸಕರ. ಈ ತಡೆಗಳಲ್ಲಿ ಬೀಜಿಂಗ್ ಅಥವಾ ವಾಷಿಂಗ್ಟನ್ ಮಾತ್ರವೇ ಸಡಿಲಿಸಬಲ್ಲಂಥವು ಕೆಲವಿವೆ. ಭಾರತವೇ ಸಡಿಲಿಸಬಹುದಾದವೂ ಹಲವಿವೆ, ಮತ್ತು ಚರ್ಚೆ ನಡೆಯಬೇಕಾದದ್ದು ಈ ಎರಡನೆಯವುಗಳ ಬಗ್ಗೆ.

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲ್ಹಾಸಾ ತೊರೆದು ಭಾರತಕ್ಕೆ ಬಂದಾಗ ಅವರನ್ನು ಹಿಂಬಾಲಿಸಿದ ನಿರಾಶ್ರಿತರಿಗೆ ನೆಲೆ ಒದಗಿಸುವ ಕರೆಗೆ ಮೊದಲಿಗೆ ಓಗೊಟ್ಟ ರಾಜ್ಯಗಳಲ್ಲಿ ಎಸ್. ನಿಜಲಿಂಗಪ್ಪನವರ ಕಾಲದ ಮೈಸೂರು ರಾಜ್ಯವೂ ಒಂದು. ಬೈಲಕುಪ್ಪೆ, ಮುಂಡಗೋಡ ಮತ್ತು ಹುಣಸೂರಿನ ಗುರುಪುರದ ನೆಲೆಗಳ ನಂತರ, ಆಗ ಮೈಸೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕಿಗೆ ಸೇರಿದ್ದ ಒಡೆಯರಪಾಳ್ಯದಲ್ಲಿ 1974ರ ಹೊತ್ತಿಗೆ ಧೋಂಡೆನ್‌ಲಿಂಗ್ ಎಂಬ ಹೆಸರಿನ ನೆಲೆ ರೂಪುಗೊಂಡಿತು. ಕಾಡಂಚಿನ ಭೂಮಿಯನ್ನು ಹಸನು ಮಾಡಿ, ಆನೆಗಳ ಹಾವಳಿಯ ನಡುವೆಯೇ ಮುಸುಕಿನ ಜೋಳ ಬೆಳೆದು, ಚಳಿಗಾಲದಲ್ಲಿ ಊರೂರು ಸುತ್ತಿ ಸ್ವೆಟರ್ ಮಾರಿ ಮಕ್ಕಳನ್ನು ಓದಿಸಿದ ಆ ಮೊದಲ ತಲೆಮಾರಿನಲ್ಲಿ ಬದುಕುಳಿದವರು ಈಗ ಎಪ್ಪತ್ತೈದು ದಾಟಿದವರು. ಸಮಸ್ಯೆಯ ಕೇಂದ್ರದಲ್ಲಿರುವವರು ಇವರೇ.

ಇವರ ಮಕ್ಕಳು ಒಡೆಯರಪಾಳ್ಯದಲ್ಲೇ ಉಳಿಯಲಿಲ್ಲ. ಅಮೆರಿಕವು ತನ್ನ 1990ರ ವಲಸೆ ಕಾಯ್ದೆಯಡಿ ಭಾರತ ಮತ್ತು ನೇಪಾಳದಲ್ಲಿದ್ದ ಸಾವಿರ ಟಿಬೆಟನ್ನರಿಗೆ ವಲಸೆ ವೀಸಾ ಒದಗಿಸಿತು. 1992ರಿಂದ ಅಲ್ಲಿಗೆ ತಲುಪಿದವರು ಮುಂದೆ ಪತ್ನಿ, ಪತಿ, ಮಕ್ಕಳನ್ನು ಕರೆಸಿಕೊಂಡರು. ಕೆನಡಾವು ಅರುಣಾಚಲ ಪ್ರದೇಶದ ನೆಲೆಗಳಲ್ಲಿದ್ದ ಸಾವಿರ ಮಂದಿಯನ್ನು 2013ರಿಂದ ಹಂತಹಂತವಾಗಿ ಬರಮಾಡಿಕೊಂಡಿತು. ದೇಶಭ್ರಷ್ಟ ಟಿಬೆಟನ್ ಆಡಳಿತವು 2009ರಲ್ಲಿ ನಡೆಸಿದ ಜನಗಣತಿಯ ಪ್ರಕಾರ ಟಿಬೆಟ್‌ನ ಹೊರಗಿದ್ದ 1,27,935 ಟಿಬೆಟನ್ನರಲ್ಲಿ 94,203 ಮಂದಿ ಭಾರತದಲ್ಲಿದ್ದರು. ಆಮೇಲಿನ ವರ್ಷಗಳಲ್ಲಿ ದಕ್ಷಿಣದ ನೆಲೆಗಳಿಂದ ಯುವಕರ ವಲಸೆ ಹೆಚ್ಚಿದೆ. ಹೀಗಾಗಿ ಒಂದೇ ಕುಟುಂಬದ ಹಿರಿಯಣ್ಣ ಟಿಬೆಟ್‌ನಲ್ಲಿ, ತಂಗಿ ಒಡೆಯರಪಾಳ್ಯದಲ್ಲಿ, ಅವಳ ಮಗ ಟೊರಾಂಟೊದಲ್ಲಿ ಇರುವುದು ಈ ಸಮುದಾಯದಲ್ಲಿ ಸಾಮಾನ್ಯ ಸಂಗತಿಯಾಗಿದೆ.

ಮೊದಲು ಟಿಬೆಟ್‌ನಿಂದ ಇಲ್ಲಿಗೆ ಬರುವ ದಾರಿಯನ್ನು ಪರಿಶೀಲಿಸಬಹುದು. ಭಾರತದ ವೀಸಾ ಕೇಳಬೇಕಾದರೆ ಕೈಯಲ್ಲಿ ಚೀನಾದ ಪಾಸ್‌ಪೋರ್ಟ್ ಇರಬೇಕು. ಆದರೆ ಟಿಬೆಟ್ ಸ್ವಾಯತ್ತ ಪ್ರದೇಶದಲ್ಲಿ 2012ರಲ್ಲಿ ಸಾಮಾನ್ಯ ಪಾಸ್‌ಪೋರ್ಟ್‌ಗಳನ್ನು ಹಿಂಪಡೆಯಲಾಯಿತು, ಮತ್ತು ಹೊಸದನ್ನು ಪಡೆಯುವ ಪ್ರಕ್ರಿಯೆಯು ಚೀನಾದ ಉಳಿದ ಪ್ರಾಂತಗಳಿಗಿಂತ ಬಹಳ ಬಿಗಿಯಾಗಿದೆ ಎಂಬುದನ್ನು ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ 2015ರ ವರದಿ ದಾಖಲಿಸಿದೆ. ಆ ಬಿಗಿಗೆ ಹಿನ್ನೆಲೆಯೂ ಇತ್ತು: 2012ರ ಜನವರಿಯಲ್ಲಿ ಬೋಧಗಯೆಯಲ್ಲಿ ನಡೆದ ಕಾಲಚಕ್ರ ದೀಕ್ಷಾ ಸಮಾರಂಭಕ್ಕೆ ಬಂದು ಮರಳಿದ ಯಾತ್ರಿಕರಲ್ಲಿ ಅನೇಕರನ್ನು, ವೃದ್ಧರನ್ನೂ ಬಿಡದೆ, ‘ಮರುಶಿಕ್ಷಣ’ದ ಹೆಸರಿನಲ್ಲಿ ಬಂಧನದಲ್ಲಿ ಇರಿಸಲಾಗಿತ್ತು. ಪಾಸ್‌ಪೋರ್ಟ್ ಇಲ್ಲದವರಿಗೆ ಉಳಿದಿದ್ದ ಹಾದಿ ನೇಪಾಳದ್ದು. ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿಯು 2003ರಿಂದ ಟಿಬೆಟನ್ನರಿಗೆ ವಿಶೇಷ ಪ್ರವೇಶ ಪರವಾನಗಿ ನೀಡುತ್ತಿದ್ದು, ಯಾತ್ರೆಯೂ ಅದರ ಉದ್ದೇಶಗಳಲ್ಲಿ ಒಂದಾಗಿದೆ. ಆದರೆ 2008ರ ನಂತರ ಗಡಿಯ ಕಾವಲು ಬಿಗಿಯಾದುದರಿಂದ, ಅದಕ್ಕೆ ಮೊದಲು ವರ್ಷಕ್ಕೆ ಎರಡು ಸಾವಿರಕ್ಕೂ ಮಿಕ್ಕಿ ಬರುತ್ತಿದ್ದವರ ಸಂಖ್ಯೆ ಬೆರಳೆಣಿಕೆಯ ಮಟ್ಟಕ್ಕೆ ಕುಸಿದಿದೆ.

ಈ ಭಾಗವನ್ನು ಬದಲಿಸುವ ಶಕ್ತಿ ಭಾರತಕ್ಕಿಲ್ಲ. ಆದರೆ ಚೀನಾದ ಪಾಸ್‌ಪೋರ್ಟ್ ದೊರೆತು, ಭಾರತದ ವೀಸಾವೂ ದೊರೆತ ವೃದ್ಧರೊಬ್ಬರು ಬೆಂಗಳೂರಿಗೆ ಬಂದಿಳಿದ ಮೇಲೂ ಮಗಳ ಮನೆಯಲ್ಲಿ ತಂಗುವುದಕ್ಕೆ ಮತ್ತೊಂದು ಅನುಮತಿ ಬೇಕಾಗುತ್ತದೆ. ಟಿಬೆಟನ್ ನೆಲೆಗಳಲ್ಲಿ ಉಳಿಯಬಯಸುವ ವಿದೇಶಿಯರು ಕೇಂದ್ರ ಗೃಹ ಸಚಿವಾಲಯದಿಂದ ಪಡೆಯಬೇಕಾದ, ಸಂಕ್ಷೇಪದಲ್ಲಿ ಪಿಎಪಿ ಎಂದು ಕರೆಯಲಾಗುವ ಸಂರಕ್ಷಿತ ಪ್ರದೇಶದ ಪರವಾನಗಿಯೇ ಅದು. ಈ ನಿಯಮವು ಚೀನಾದ ಪ್ರಜೆಗಳಿಗೆ ಸೀಮಿತವಲ್ಲ. ಅಮೆರಿಕದ ಪೌರತ್ವ ಪಡೆದ ಮೊಮ್ಮಗ ಒಡೆಯರಪಾಳ್ಯದ ಅಜ್ಜಿಯ ಮನೆಯಲ್ಲಿ ನಾಲ್ಕು ದಿನ ಇರಬೇಕೆಂದರೂ ಅವನಿಗೆ ಇದು ಅನ್ವಯಿಸುತ್ತದೆ. ಅಜ್ಜಿ ಹೋಗಲಾರದಿದ್ದರೆ ಮೊಮ್ಮಗನಾದರೂ ಬರಲಿ ಎಂಬ ಸರಳ ಪರಿಹಾರವೂ ದೆಹಲಿಯ ಕಡತವೊಂದಕ್ಕೆ ಕಾಯಬೇಕಾಗುತ್ತದೆ.

ಇನ್ನು ಇಲ್ಲಿಂದ ಹೊರಡುವವರ ಪಾಡು. ಕೊಳ್ಳೇಗಾಲದ ರೇಷ್ಮೆ ನೇಕಾರರೊಬ್ಬರು ಅಥವಾ ಯಳಂದೂರಿನ ನಿವೃತ್ತ ಶಿಕ್ಷಕಿಯೊಬ್ಬರು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಬೇಕಾದರೆ ಅವರು ಭಾರತದ ಪಾಸ್‌ಪೋರ್ಟ್‌ನಿಂದ ಆರಂಭಿಸುತ್ತಾರೆ. 2017ರ ಜನವರಿ 25ರಂದು ದೇಶದಲ್ಲೇ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಒಂದು ಮೈಸೂರಿನ ಪ್ರಧಾನ ಅಂಚೆ ಕಚೇರಿಯಲ್ಲಿ ತೆರೆದ ಮೇಲೆ ಆ ಕೆಲಸ ಸುಲಭವಾಗಿದೆ. ಕೊಳ್ಳೇಗಾಲ, ಯಳಂದೂರುಗಳಿರುವ ಅದೇ ಜಿಲ್ಲೆಯ ಒಡೆಯರಪಾಳ್ಯದ ಹಿರಿಯರದು ಬೇರೆಯೇ ಹಾದಿ. ಅವರು ಕಾನೂನಿನ ಕಣ್ಣಿನಲ್ಲಿ ವಿದೇಶಿಯರು. ಭಾರತದಲ್ಲಿ ವಾಸಿಸಲು ಅವರಿಗೆ ನೋಂದಣಿ ಪ್ರಮಾಣಪತ್ರ ಬೇಕು. ಇದನ್ನು ಆರ್‌ಸಿ ಎನ್ನುತ್ತಾರೆ, ಕಾಲಕಾಲಕ್ಕೆ ನವೀಕರಿಸಬೇಕು. ದೇಶದಿಂದ ಹೊರಹೋಗಲು ಪಾಸ್‌ಪೋರ್ಟ್ ಬದಲಿಗೆ ಐಸಿ ಎಂಬ ಗುರುತಿನ ಪ್ರಮಾಣಪತ್ರ, ಅಂದರೆ ಹಳದಿ ಹೊದಿಕೆಯ ಪ್ರಯಾಣ ಪುಸ್ತಿಕೆ ಬೇಕು. ಅದು ದೆಹಲಿಯ ಪಾಸ್‌ಪೋರ್ಟ್ ಕಚೇರಿಯಿಂದ ಬರುತ್ತದೆ. ಇಷ್ಟಾದ ಮೇಲೂ ಹೊರಡುವ ಮುನ್ನ ನಿರ್ಗಮನ ಅನುಮತಿ, ಮರಳಿ ಬರುವುದಕ್ಕೆ ಮರುಪ್ರವೇಶದ ವೀಸಾ ಎರಡನ್ನೂ ವಿದೇಶಿಯರ ನೋಂದಣಿ ಕಚೇರಿಯಿಂದ ಪಡೆಯಬೇಕು. ಅರ್ಧ ಶತಮಾನ ಬದುಕಿದ ಊರಿಗೆ ಹಿಂದಿರುಗುವುದಕ್ಕೂ ಅನುಮತಿ ಬೇಡಬೇಕಾದ ಸ್ಥಿತಿ ಇದು.

ಈ ಕಾಗದಗಳ ದೌರ್ಬಲ್ಯವೇ ಮುಂದೆ ವಿದೇಶಿ ದೂತಾವಾಸದ ಕಿಟಕಿಯಲ್ಲಿ ನಿರ್ಣಾಯಕವಾಗುತ್ತದೆ. ಅಮೆರಿಕದ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ 214(ಬಿ) ಕಲಮಿನ ಪ್ರಕಾರ ಸಂದರ್ಶಕ ವೀಸಾ ಕೇಳುವ ಪ್ರತಿಯೊಬ್ಬರನ್ನೂ ಶಾಶ್ವತವಾಗಿ ನೆಲೆಸಲು ಹೊರಟವರೆಂದೇ ಭಾವಿಸಲಾಗುತ್ತದೆ; ಹಾಗಲ್ಲವೆಂದು ಸಾಬೀತುಪಡಿಸುವ ಹೊಣೆ ಅರ್ಜಿದಾರರದು. ಭೇಟಿಯ ಅವಧಿ ಮುಗಿದ ಮೇಲೆ ಅರ್ಜಿದಾರರು ದೇಶ ಬಿಟ್ಟು ಹೊರಡುತ್ತಾರೆಂದು ಅಧಿಕಾರಿಗೆ ಮನವರಿಕೆಯಾಗಬೇಕೆಂಬ ನಿಯಮ ಕೆನಡಾದಲ್ಲೂ ಇದೆ. ಜಮೀನು, ಪಿಂಚಣಿ, ಪೌರತ್ವ ಇವೇ ಸಾಮಾನ್ಯವಾಗಿ ಒಪ್ಪಿತವಾಗುವ ಸಾಕ್ಷ್ಯಗಳು. ಒಡೆಯರಪಾಳ್ಯದ ಹಿರಿಯರು ಉತ್ತ ಭೂಮಿ ಅವರ ಹೆಸರಿನಲ್ಲಿಲ್ಲ. ಕೇಂದ್ರ ಸರ್ಕಾರದ 2014ರ ಟಿಬೆಟನ್ ಪುನರ್ವಸತಿ ನೀತಿಯೂ ಇಂಥ ಭೂಮಿಯನ್ನು 20 ವರ್ಷಗಳ ಗುತ್ತಿಗೆಯ ಚೌಕಟ್ಟಿನಲ್ಲೇ ಇರಿಸಿದೆ. ಮಠ, ನೆರೆಹೊರೆ, ತಮ್ಮವರ ನಡುವೆಯೇ ಕೊನೆಯುಸಿರೆಳೆಯಬೇಕೆಂಬ ಹಂಬಲ ಇವೆಲ್ಲ ನಿಜವಾದ ಬಂಧಗಳೇ ಆದರೂ ಅರ್ಜಿ ನಮೂನೆಯಲ್ಲಿ ಇವಕ್ಕೆ ಜಾಗವಿಲ್ಲ.

ವಯಸ್ಸು ಹೆಚ್ಚಿದಂತೆ ರಿಯಾಯಿತಿ ಹೆಚ್ಚಬೇಕಾದಲ್ಲಿ ಈಚೆಗೆ ಅದು ಕಡಿಮೆಯಾಗಿದೆ. ಎಪ್ಪತ್ತೊಂಬತ್ತು ಮೀರಿದವರಿಗೆ ಅಮೆರಿಕವು ನೀಡುತ್ತಿದ್ದ ಖುದ್ದು ಸಂದರ್ಶನದ ವಿನಾಯಿತಿ 2025ರ ಸೆಪ್ಟೆಂಬರ್‌ನಿಂದ ಸಾಮಾನ್ಯವಾಗಿ ರದ್ದಾಗಿದೆ. ಅಮೆರಿಕದ ದೂತಾವಾಸವೊಂದು 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಯಾದಾಗ ಅಲ್ಲಿ ವೀಸಾ ಸೇವೆ ಆರಂಭವಾಗಲಿಲ್ಲವಾದ್ದರಿಂದ, ಹನೂರಿನ ಕಾಡಂಚಿನಿಂದ ಚೆನ್ನೈವರೆಗಿನ ಪ್ರಯಾಣ ತಪ್ಪಲಿಲ್ಲ. ಕೆನಡಾದ ‘ಸೂಪರ್ ವೀಸಾ’ ಇದಕ್ಕಿಂತ ಉದಾರವಾದುದು: 2011ರ ಡಿಸೆಂಬರ್‌ನಲ್ಲಿ ಆರಂಭವಾದ ಈ ವ್ಯವಸ್ಥೆ ತಂದೆತಾಯಿ ಮತ್ತು ಅಜ್ಜ–ಅಜ್ಜಿಯರಿಗೆಂದೇ ಮೀಸಲು, ಹತ್ತು ವರ್ಷಗಳವರೆಗೆ ಸಿಂಧುವಾಗಬಲ್ಲ ಇದರಡಿ 2022ರ ಜುಲೈನಿಂದ ಒಂದೊಂದು ಸಲಕ್ಕೆ ಐದು ವರ್ಷಗಳವರೆಗೆ ಇರಬಹುದು. ಆದರೆ ಕರೆಸಿಕೊಳ್ಳುವವರಿಗೆ ನಿಗದಿತ ಆದಾಯವಿರಬೇಕು, ಬರುವವರಿಗೆ ವೈದ್ಯಕೀಯ ತಪಾಸಣೆಯ ಜೊತೆಗೆ ಕನಿಷ್ಠ ಒಂದು ಲಕ್ಷ ಕೆನಡಿಯನ್ ಡಾಲರ್ ಮೊತ್ತದ ಆರೋಗ್ಯ ವಿಮೆ ಇರಬೇಕು. ಕೂಲಿ ಕೆಲಸದಿಂದ ಬದುಕು ಕಟ್ಟಿಕೊಳ್ಳುತ್ತಿರುವ ಹೊಸ ವಲಸಿಗರಿಗೆ ಇದು ಸಣ್ಣ ಷರತ್ತಲ್ಲ.

ಪೌರತ್ವದ ಹಾದಿಯೂ ಹಿರಿಯರಿಗೆ ನೆರವಾಗಿಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುನ್ನ ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯ ಪ್ರಜೆಗಳೆಂದು ದೆಹಲಿ ಹೈಕೋರ್ಟ್ 2010ರ ಡಿಸೆಂಬರ್‌ನಲ್ಲಿ ನಮ್ಗ್ಯಾಲ್ ಡೋಲ್ಕರ್ ಪ್ರಕರಣದಲ್ಲಿ ತೀರ್ಪಿತ್ತಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಇದೇ ನಿಲುವು ತಳೆಯಿತು. ಆದರೆ 1959ಕ್ಕೆ ಮೊದಲು ಟಿಬೆಟ್‌ನಲ್ಲಿ ಹುಟ್ಟಿ ನಡೆದು ಬಂದವರು ಈ ತೀರ್ಪುಗಳ ವ್ಯಾಪ್ತಿಗೆ ಬರುವುದೇ ಇಲ್ಲ. ಅಂದರೆ ಅತಿ ಹಿರಿಯರ ಕೈಯಲ್ಲೇ ಅತಿ ದುರ್ಬಲವಾದ ಕಾಗದ ಉಳಿದಿದೆ. ವ್ಯಾಪ್ತಿಗೆ ಬರುವವರಿಗೂ 2017ರಲ್ಲಿ ವಿದೇಶಾಂಗ ಸಚಿವಾಲಯವು ಪಾಸ್‌ಪೋರ್ಟ್ ನೀಡಲು ಒಪ್ಪುವಾಗ ಆರ್‌ಸಿ ಮತ್ತು ಐಸಿಗಳನ್ನು ಒಪ್ಪಿಸಬೇಕು, ನೆಲೆಯನ್ನು ತೊರೆಯಬೇಕು ಎಂಬ ಷರತ್ತುಗಳನ್ನು ವಿಧಿಸಿತು. ಮಗನನ್ನು ಒಮ್ಮೆ ನೋಡಿ ಬರುವುದಕ್ಕಾಗಿ ಮನೆಯನ್ನೇ ಬಿಡಬೇಕೆಂದರೆ ಯಾವ ಹಿರಿಯರಾದರೂ ಹಿಂಜರಿಯುತ್ತಾರೆ.

ಭದ್ರತೆಯ ಕಾಳಜಿಯನ್ನು ತಳ್ಳಿಹಾಕುವಂತಿಲ್ಲ. 2020ರ ಗಾಲ್ವಾನ್ ಘರ್ಷಣೆಯ ನಂತರ ಚೀನಾದಿಂದ ಬರುವವರ ಹಿನ್ನೆಲೆಯನ್ನು ಪರಿಶೀಲಿಸುವುದು ಸರ್ಕಾರದ ಕರ್ತವ್ಯ. ನಿರಾಶ್ರಿತರ ನೆಲೆಗಳ ಮೇಲೆ ಬೇಹುಗಾರಿಕೆಯ ಕಣ್ಣಿರಬಹುದೆಂಬ ಎಚ್ಚರವೂ ನ್ಯಾಯವಾದದ್ದೇ. 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕದ ಭಾರತವು ಯಾವ ಅಂತರರಾಷ್ಟ್ರೀಯ ಕಟ್ಟುಪಾಡೂ ಇಲ್ಲದೆ ಇಷ್ಟು ಜನರಿಗೆ ಭೂಮಿ, ಶಾಲೆ ಮತ್ತು ಪ್ರಯಾಣದ ದಾಖಲೆಯನ್ನು ಒದಗಿಸಿದೆ ಎಂಬುದೂ ಸ್ಮರಣೀಯ. ಆದರೆ ಐವತ್ತು ವರ್ಷಗಳಿಂದ ಪೊಲೀಸ್ ದಾಖಲೆಯಲ್ಲಿ ಹೆಸರಿರುವ, ಪ್ರತಿ ನವೀಕರಣದಲ್ಲೂ ಪರಿಶೀಲನೆಗೆ ಒಳಗಾದ ಎಂಬತ್ತರ ವೃದ್ಧೆಯ ಬಗ್ಗೆ ಸರ್ಕಾರಕ್ಕೆ ತಿಳಿಯದ್ದು ಏನೂ ಉಳಿದಿಲ್ಲ. ಅಂಥವರ ಕಡತ ತಡವಾಗುವುದರಿಂದ ದೇಶದ ಭದ್ರತೆ ಹೆಚ್ಚುವುದಿಲ್ಲ; ಅವರ ಆಯುಸ್ಸಿನಲ್ಲಿ ಉಳಿದಿರುವ ಕಾಲ ಮಾತ್ರ ಕಡಿಮೆಯಾಗುತ್ತದೆ.

ಆದ್ದರಿಂದ ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಅರವತ್ತೈದು ದಾಟಿದ ನಿವಾಸಿಗಳ ಐಸಿ, ನಿರ್ಗಮನ ಅನುಮತಿ ಮತ್ತು ಮರುಪ್ರವೇಶದ ವೀಸಾಗಳನ್ನು ಒಂದೇ ಅರ್ಜಿಯಡಿ ತಂದು, ಐಸಿ ಸಿಂಧುವಾಗಿರುವಷ್ಟು ಕಾಲವೂ ಮರಳುವ ಹಕ್ಕು ಇರುವಂತೆ ಮಾಡಬೇಕು; ಹಾಗಾದಾಗ ಆ ದಾಖಲೆಯೇ ವಿದೇಶಿ ಅಧಿಕಾರಿಯ ಮುಂದೆ ಬಲವಾದ ಸಾಕ್ಷ್ಯವಾಗುತ್ತದೆ. ನೆಲೆಯಲ್ಲಿರುವ ಹಿರಿಯರನ್ನು ನೋಡಲು ಬರುವ ಮಕ್ಕಳು, ಮೊಮ್ಮಕ್ಕಳು ಮತ್ತು ಒಡಹುಟ್ಟಿದವರ ಪಿಎಪಿ ಅರ್ಜಿಗಳಿಗೆ ಕಾಲಮಿತಿ ನಿಗದಿಪಡಿಸಿ, ತುರ್ತು ಅನಾರೋಗ್ಯದ ಸಂದರ್ಭದಲ್ಲಿ ಅಲ್ಪಾವಧಿಯ ಅನುಮತಿ ನೀಡುವ ಅಧಿಕಾರವನ್ನು ಜಿಲ್ಲಾ ಮಟ್ಟಕ್ಕೆ ವಹಿಸಬೇಕು. ಚೀನಾದ ಪಾಸ್‌ಪೋರ್ಟ್ ಮೇಲೆ ಬರುವ ವೃದ್ಧ ಟಿಬೆಟನ್ನರಿಗೆ ಕುಟುಂಬ ಭೇಟಿಯ ಪ್ರತ್ಯೇಕ ವರ್ಗ ರೂಪಿಸಿ, ಇಲ್ಲಿನ ಬಂಧುವಿನ ಆರ್‌ಸಿಯನ್ನು ಜಾಮೀನಾಗಿ ಸ್ವೀಕರಿಸಬಹುದು. ಪಾಸ್‌ಪೋರ್ಟ್ ಪಡೆಯಲು ನೆಲೆ ತೊರೆಯಬೇಕೆಂಬ ಷರತ್ತನ್ನು ಕೈಬಿಡಬೇಕು. ಹನೂರು ತಾಲ್ಲೂಕು ಆಡಳಿತವು ಇಂಥ ಹಿರಿಯರ ದೀರ್ಘ ವಾಸ್ತವ್ಯವನ್ನು ದೃಢೀಕರಿಸುವ ಪತ್ರವನ್ನು ಕೇಳಿದ ಕೂಡಲೇ ಕೊಡುವುದಕ್ಕೆ ಹೊಸ ಕಾನೂನೂ ಬೇಕಾಗಿಲ್ಲ.

ಪ್ರವಾಸಿಗರಿಗೂ ಯಾತ್ರಿಕರಿಗೂ ಬಾಗಿಲು ತೆರೆದಿರುವ ಈ ಹೊತ್ತಿನಲ್ಲಿ ಚೀನಾದೊಡನೆ ನಡೆಯುವ ಮಾತುಕತೆಯಲ್ಲಿ ವೃದ್ಧರ ಕುಟುಂಬ ಭೇಟಿಯ ವಿಷಯವೂ ಸೇರಬೇಕು; ಚಾಮರಾಜನಗರದ ಸಂಸದರು ಮತ್ತು ಹನೂರಿನ ಶಾಸಕರು ಅದನ್ನು ತಮ್ಮ ಮತದಾರರಲ್ಲದ ಜನರ ವಿಷಯವೆಂದು ಬದಿಗಿಡದೆ, ತಮ್ಮ ನೆಲದ ಹಿರಿಯರ ವಿಷಯವೆಂದು ದೆಹಲಿಯಲ್ಲಿ ಎತ್ತಬೇಕು. ಅಂದು ಭೂಮಿ ಕೊಟ್ಟು ಬದುಕಿಗೆ ನೆಲೆ ಮಾಡಿಕೊಟ್ಟ ರಾಜ್ಯವು, ಆ ಭೂಮಿಯನ್ನು ಹಸನು ಮಾಡಿದ ಕೈಗಳು ಮಕ್ಕಳನ್ನು ಒಮ್ಮೆ ಮುಟ್ಟಿ ಬರಲು ಬೇಕಾದ ಕಾಗದವನ್ನೂ ಸಕಾಲದಲ್ಲಿ ಕೊಡಿಸಬೇಕು.