‘ಓಲ್ ಬ್ಲೂ’ ಮತ್ತು ಹಳಹಳಿಕೆಯ ನ್ಯಾಯ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಾದ ನಮ್ಮ ಮೇಲೆ ಹಳಹಳಿಕೆಯ ಆರೋಪ ಹೊಸದಲ್ಲ. ಬಿಟ್ಟುಬಂದ ಊರಿಗೆ ದೂರದಲ್ಲಿ ಕುಳಿತು ಚಿನ್ನದ ನೀರು ಹಾಕುತ್ತೇವೆ ಎಂಬ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಹಿಂದಿನದನ್ನು ನೆನೆದು ಮರುಗುವುದೆಲ್ಲವೂ ಬರಿಯ ಭಾವುಕತೆಯೇ? ಇಂದಿನದನ್ನು ಅಳೆಯುವ ಮಾನದಂಡವೂ ಅದರಲ್ಲಿ ಅಡಗಿರಬಹುದಲ್ಲವೇ? ಈ ಪ್ರಶ್ನೆಯನ್ನು ನಮ್ಮ ಮಮಕಾರ ಅಡ್ಡಬರದಷ್ಟು ದೂರದ ಒಂದು ಉದಾಹರಣೆಯ ಮೂಲಕ ಪರಿಶೀಲಿಸುವುದು ಒಳ್ಳೆಯದು.

ಅಮೆರಿಕದ ಈಶಾನ್ಯ ಭಾಗದ ನ್ಯೂ ಇಂಗ್ಲೆಂಡಿನಲ್ಲಿ ಸ್ಟಾಕ್ ಕಾರ್ ಪಂದ್ಯಗಳ ಹಳೆಯ ಅಭಿಮಾನಿಗಳು ಜೊತೆಜೊತೆಯಾಗಿಯೇ ನೆನೆಯುವ ಎರಡು ಹೆಸರುಗಳಿವೆ. ಒಬ್ಬರು ಚಾಲಕ ಬಗ್ಸ್ ಸ್ಟೀವನ್ಸ್. ಕಾರ್ಲ್ ಬರ್ಗ್‌ಮನ್ ಎಂಬುದು ಅವರ ನಿಜನಾಮಧೇಯ. ಇನ್ನೊಬ್ಬರು ಕಾರಿನ ಒಡೆಯ, ಮ್ಯಾಸಚೂಸೆಟ್ಸಿನ ಲೆನ್ ಬೋಲರ್. 3ನೆಯ ಸಂಖ್ಯೆಯನ್ನು ಹೊತ್ತ ಅವರ ನೀಲಿ ಕಾರನ್ನು ಜನ ‘ಓಲ್ ಬ್ಲೂ’ ಎಂದು ಅಕ್ಕರೆಯಿಂದ ಕರೆದರು. 1967, 1968 ಮತ್ತು 1969ರಲ್ಲಿ ಸ್ಟೀವನ್ಸ್ ಸತತವಾಗಿ ನ್ಯಾಸ್ಕಾರ್ ಸಂಸ್ಥೆಯ ‘ಮಾಡಿಫೈಡ್’ ವಿಭಾಗದ ರಾಷ್ಟ್ರೀಯ ಚಾಂಪಿಯನ್ ಆದರು.

ಈ ಸಾಧನೆಯ ತೂಕ ತಿಳಿಯಬೇಕಾದರೆ ಅಂದಿನ ಪದ್ಧತಿಯನ್ನು ಅರಿಯಬೇಕು. ಒಂದು ಮೈಲಿಗಿಂತ ಕಡಿಮೆ ಸುತ್ತಳತೆಯ ಓಟದ ಹಾದಿಗೆ ಶಾರ್ಟ್ ಟ್ರ್ಯಾಕ್ ಎನ್ನುತ್ತಾರೆ. ಕನೆಕ್ಟಿಕಟ್ ರಾಜ್ಯದ ಸ್ಟ್ಯಾಫರ್ಡ್ ಹಾದಿ ಅರ್ಧ ಮೈಲಿಯದು. ಥಾಂಪ್ಸನ್ ಅದಕ್ಕಿಂತ ತುಸು ದೊಡ್ಡದು. 1930ರ ದಶಕದ ಹಳೆಯ ಕಾರುಗಳ ಒಡಲನ್ನು ಕತ್ತರಿಸಿ, ತಗ್ಗಿಸಿ, ಬಲವಾದ ಎಂಜಿನ್ ಕೂರಿಸಿ, ಚಕ್ರಗಳು ಹೊರಚಾಚುವಂತೆ ಕಟ್ಟಿದ ವಾಹನವೇ ಅಂದಿನ ಮಾಡಿಫೈಡ್. 1985ರಲ್ಲಿ ನಿಗದಿತ ಪಂದ್ಯಗಳ ಸರಣಿಯೊಂದು ಆರಂಭವಾಗುವವರೆಗೆ, ರಾಷ್ಟ್ರೀಯ ಪ್ರಶಸ್ತಿಗೆ ಬೇಕಾದ ಅಂಕಗಳನ್ನು ಊರೂರಿನ ವಾರದ ಪಂದ್ಯಗಳಿಂದಲೇ ಕೂಡಿಹಾಕಬೇಕಿತ್ತು. ಹೀಗಾಗಿ ಪ್ರಶಸ್ತಿಯ ಬೆನ್ನುಹತ್ತಿದವರು ವಾರದಲ್ಲಿ ಹಲವು ರಾತ್ರಿ, ಹಲವು ಊರುಗಳಲ್ಲಿ ಸ್ಪರ್ಧಿಸುತ್ತಿದ್ದರು. ಇಂದು ರಾತ್ರಿ ಗೋಡೆಗೆ ಬಡಿದು ಮುರಿದ ಕಾರು ನಾಳೆ ಸಂಜೆಯೊಳಗೆ ಸಜ್ಜಾಗಬೇಕು.

ಒಡೆಯನ ಪಾತ್ರದ ಮಹತ್ವ ಇಲ್ಲಿದೆ. ಬೋಲರ್ ಹಣ ಹೂಡಿ ದೂರ ಕುಳಿತ ಧನಿಕರಲ್ಲ. ತಮ್ಮ ಕೈಯಾರೆ ಕಾರು ಕಟ್ಟಿದವರು. ಅವರ ಮಿತವ್ಯಯ ಇಂದಿಗೂ ಮನೆಮಾತು. ಇತರರು ದುಬಾರಿ ಬಿಡಿಭಾಗಗಳನ್ನು ಕೊಂಡು ತರುವ ಕಡೆ ಅವರು ಹಳೆಯದನ್ನೇ ತಿದ್ದಿ ಬಳಸುತ್ತಿದ್ದರು. ಈ ನಡೆ ಬಡತನದ ಅನಿವಾರ್ಯತೆಯಷ್ಟೇ ಆಗಿರಲಿಲ್ಲ ಎಂಬುದಕ್ಕೆ ಮುಂದಿನ ಚರಿತ್ರೆಯೇ ಸಾಕ್ಷಿ. ಕಾಲು ಶತಮಾನದ ನಂತರ, ಕ್ರೀಡೆ ಬಹಳ ವೆಚ್ಚದ್ದಾಗಿದ್ದ ದಿನಗಳಲ್ಲಿಯೂ ಅವರ ಕಾರು ವೇಯ್ನ್ ಆ್ಯಂಡರ್ಸನ್ ಅವರಿಗೆ 1994ರಲ್ಲಿ, ಟೋನಿ ಹರ್ಷ್‌ಮನ್ ಅವರಿಗೆ 1995 ಮತ್ತು 1996ರಲ್ಲಿ ಪ್ರಶಸ್ತಿ ತಂದುಕೊಟ್ಟಿತು.

ನಮ್ಮ ಕರಾವಳಿಯ ಕಂಬಳದಲ್ಲಿ ಗೆದ್ದ ಕೋಣಗಳನ್ನು ಯಜಮಾನರ ಹೆಸರಿನಿಂದ ಸಾರುವುದು ವಾಡಿಕೆ. ಕೆಸರಿನಲ್ಲಿ ಓಡಿದವನ ಹೆಸರು ಬಹುಕಾಲ ಹಿಂದೆಯೇ ಉಳಿಯಿತು. ಕಾರುಪಂದ್ಯದ ಲೋಕದಲ್ಲಿ ಇದೇ ಅನ್ಯಾಯ ತಿರುವುಮುರುವಾಗಿದೆ. ಅಲ್ಲಿ ಕೀರ್ತಿಯೆಲ್ಲ ಚಾಲಕನದು; ರಾತ್ರಿಯಿಡೀ ಎಚ್ಚರವಿದ್ದು ಕಾರು ಕಟ್ಟಿದವನಿಗೆ ದಾಖಲೆಯ ಅಂಚಿನಲ್ಲಿ ಒಂದು ಸಾಲು. ಜೋಡಿಯನ್ನು ಜೋಡಿಯಾಗಿಯೇ ನೆನೆಯುವ ಅಭಿಮಾನಿಗಳ ಹಳಹಳಿಕೆ ಈ ಲೋಪವನ್ನು ತಿದ್ದುತ್ತದೆ. ಗೆಲುವು ಇಬ್ಬರದೆಂಬ ಅವರ ನೆನಪು ಅಧಿಕೃತ ಪಟ್ಟಿಗಿಂತ ಸತ್ಯಕ್ಕೆ ಹತ್ತಿರವಾಗಿದೆ.

ಇಂದು ಕಾರುಪಂದ್ಯದ ಅನೇಕ ಹಂತಗಳಲ್ಲಿ ಯುವ ಚಾಲಕನ ಕುಟುಂಬವೋ ಪ್ರಾಯೋಜಕರೋ ಹಣ ತೆತ್ತು ಆಸನವನ್ನು ಪಡೆಯುವ ಪದ್ಧತಿ ಬೇರೂರಿದೆ. ಹಿಂದೆ ಒಡೆಯ ಹುಡುಕುತ್ತಿದ್ದುದು ಕೈಚಳಕವನ್ನು. ಗೆದ್ದ ಹಣದಲ್ಲಿ ಚಾಲಕನಿಗೆ ಪಾಲು ಕೊಡುತ್ತಿದ್ದ. ಈಗ ಎಷ್ಟೋ ಕಡೆ ಒಡೆಯನು ಕಾರನ್ನು ಬಾಡಿಗೆಗೆ ಕೊಡುವ ವ್ಯಾಪಾರಿ, ಚಾಲಕನು ಗಿರಾಕಿ. ಗಿರಾಕಿಗೆ “ನೀನು ತಿರುವಿನಲ್ಲಿ ತಡವಾಗಿ ಬ್ರೇಕು ಒತ್ತುತ್ತೀಯೆ” ಎಂದು ಹೇಳುವುದು ಕಷ್ಟ. ಪ್ರತಿಭೆಯಿದ್ದು ಹಣವಿಲ್ಲದ ಮೆಕ್ಯಾನಿಕ್ಕನ ಮಗನಿಗೆ ಬಾಗಿಲು ತೆರೆಯುವುದು ಇನ್ನೂ ಕಷ್ಟ. ಸ್ಟೀವನ್ಸ್–ಬೋಲರ್ ಜೋಡಿಯನ್ನು ನೆನೆದು ಮರುಗುವವರು ಕಳೆದುಹೋದ ಯೌವನಕ್ಕಾಗಿ ಮಾತ್ರ ಮರುಗುತ್ತಿಲ್ಲ. ಈ ಮುಚ್ಚಿದ ಬಾಗಿಲನ್ನೂ ಅವರು ತೋರಿಸುತ್ತಿದ್ದಾರೆ.

ಹಾಗೆಂದು ಆ ಕಾಲವನ್ನು ಸುವರ್ಣಯುಗವೆನ್ನಲು ನಾವು ಸಿದ್ಧರಿಲ್ಲ. ಚಾಲಕನ ಪ್ರಾಣಕ್ಕೆ ಅಂದು ಇದ್ದ ರಕ್ಷಣೆ ಅತ್ಯಲ್ಪ. 1970ರ ಚಾಂಪಿಯನ್ ಹಾಗೂ ಬೋಲರ್ ಅವರ ಕಾರನ್ನೂ ಓಡಿಸಿದ್ದ ಫ್ರೆಡ್ ಡಿಸಾರೊ 1978ರಲ್ಲಿ ಥಾಂಪ್ಸನ್‌ನಲ್ಲಿ ಸಂಭವಿಸಿದ ಅಪಘಾತದಿಂದ ತೀರಿಕೊಂಡರು. ಒಂಬತ್ತು ಬಾರಿ ಪ್ರಶಸ್ತಿ ಗೆದ್ದ ರಿಚಿ ಇವಾನ್ಸ್ 1985ರಲ್ಲಿ ವರ್ಜೀನಿಯಾದ ಮಾರ್ಟಿನ್ಸ್‌ವಿಲ್‌ನಲ್ಲಿ ಅಭ್ಯಾಸದ ವೇಳೆಯಲ್ಲೇ ಮಡಿದರು. ಒಡೆಯ ಸೋತರೆ ಕಾರು ಹೋಗುತ್ತಿತ್ತು, ಚಾಲಕ ಸೋತರೆ ಜೀವವೇ ಹೋಗುತ್ತಿತ್ತು. ಈ ಅಸಮಾನತೆಯನ್ನು ಮರೆಮಾಚುವ ನೆನಪು ನೆನಪಲ್ಲ, ಅಲಂಕಾರ. ಜೋಡಿಯೂ ಶಾಶ್ವತವಾಗಿರಲಿಲ್ಲ: ಸ್ಟೀವನ್ಸ್ ಮುಂದೆ ಬೇರೆ ಒಡೆಯರ ಕಾರುಗಳಲ್ಲಿ ಗೆದ್ದರು, ಬೋಲರ್ ಬೇರೆ ಚಾಲಕರೊಂದಿಗೆ ಗೆದ್ದರು.

ಆದ್ದರಿಂದ ಹಳಹಳಿಕೆಯನ್ನು ಒಟ್ಟಾರೆಯಾಗಿ ತಳ್ಳಿಹಾಕುವುದಕ್ಕಿಂತ ಅದಕ್ಕೆ ಎರಡು ಪ್ರಶ್ನೆ ಕೇಳುವುದು ನ್ಯಾಯವೆಂದು ನಮಗೆ ತೋರುತ್ತದೆ. ಮರೆತುಹೋದ ಯಾರ ದುಡಿಮೆಯನ್ನು ಅದು ಎತ್ತಿ ಹಿಡಿಯುತ್ತದೆ? ಯಾರ ನೋವನ್ನು ಬದಿಗೆ ಸರಿಸುತ್ತದೆ? ಮೊದಲನೆಯದಕ್ಕೆ ಹೆಸರು ಹಿಡಿದು ಉತ್ತರಿಸಬಲ್ಲ, ಎರಡನೆಯದಕ್ಕೆ ತಲೆ ತಪ್ಪಿಸಿಕೊಳ್ಳದ ಹಳಹಳಿಕೆ ಚರಿತ್ರೆಯ ಸ್ಥಾನಕ್ಕೆ ಅರ್ಹ. ನಮ್ಮ ಊರುಗಳ ಬಗ್ಗೆ ಬರೆಯಲು ಕುಳಿತಾಗಲೂ ಈ ಎರಡು ಪ್ರಶ್ನೆಗಳು ನಮ್ಮ ಮುಂದಿರಲಿ.