ದರಪಟ್ಟಿಯ ಕೊನೆಯ ಸಾಲು

ಕಾರಿನ ವಿಮೆಯ ಅವಧಿ ಮುಗಿಯುವುದಕ್ಕೆ ಇನ್ನೂ ಒಂದು ತಿಂಗಳಿರುವಾಗಲೇ ಮಾಲೀಕನ ಮೊಬೈಲಿಗೆ ದರಪಟ್ಟಿಗಳು ಒಂದರ ಬೆನ್ನಿಗೊಂದು ಬಂದು ಬೀಳತೊಡಗುತ್ತವೆ. ಷೋರೂಮಿನವರದು ಒಂದು, ಪರಿಚಿತ ಏಜೆಂಟರದು ಮತ್ತೊಂದು, ವಿಮಾ ಜಾಲತಾಣಗಳು ಕಳುಹಿಸುವಂಥವು ಬೇರೆ ನಾಲ್ಕಾರು; ಇವನ್ನೆಲ್ಲ ಎದುರಿಗಿರಿಸಿಕೊಂಡ ಗೃಹಸ್ಥನು ಮೇಲಿನ ಹತ್ತಿಪ್ಪತ್ತು ಸಾಲುಗಳನ್ನು ದಾಟಿ, ನೇರವಾಗಿ ಕೊನೆಯ ಸಾಲಿಗೆ ದೃಷ್ಟಿಯನ್ನಿಳಿಸಿ, ಎಲ್ಲಿ ಮೊತ್ತವು ಅತ್ಯಲ್ಪವೋ ಅಲ್ಲಿ ಹಣ ಕಟ್ಟಿ, ಇನ್ನೊಂದು ಸಂವತ್ಸರದ ಮಟ್ಟಿಗೆ ನಿಶ್ಚಿಂತನಾಗುತ್ತಾನೆ. ತಾನು ಉಳಿತಾಯ ಮಾಡಿದೆನೆಂದು ಅವನು ಭಾವಿಸುವುದು ಸಹಜವೇ. ಆದರೆ ಬಹುಮಟ್ಟಿಗೆ ಅವನು ಕಡಮೆ ಸರಕಿಗೆ ಕಡಮೆ ಬೆಲೆ ತೆತ್ತಿರುತ್ತಾನೆ, ಅಷ್ಟೆ.

ನಮ್ಮ ದೇಶದಲ್ಲಿ ಕಾರಿನ ವಿಮೆಯೆಂಬುದು ವಸ್ತುತಃ ಒಂದೇ ಕಾಗದದಲ್ಲಿ ಕೂಡಿಬಂದ ಎರಡು ಭಿನ್ನ ಒಪ್ಪಂದಗಳು. ಒಂದನೆಯದು ಜನರ ಬಾಯಲ್ಲಿ ‘ಥರ್ಡ್ ಪಾರ್ಟಿ’ ಎಂದು ಬಳಕೆಯಲ್ಲಿರುವುದು. ನಮ್ಮ ಕಾರಿನಿಂದ ಹಾದಿಹೋಕರಿಗೋ ಅನ್ಯ ವಾಹನದಲ್ಲಿದ್ದವರಿಗೋ ಪ್ರಾಣಹಾನಿ, ಅಂಗಹಾನಿ ಸಂಭವಿಸಿದಲ್ಲಿ ನ್ಯಾಯಮಂಡಲಿಯು ವಿಧಿಸುವ ಪರಿಹಾರವನ್ನು ನಮ್ಮ ಪರವಾಗಿ ವಿಮಾ ಸಂಸ್ಥೆಯೇ ತೆರುವ ಏರ್ಪಾಡು. 1988ರ ಮೋಟಾರು ವಾಹನ ಕಾಯಿದೆಯ 146ನೆಯ ಪ್ರಕರಣವು ಇದನ್ನು ಕಡ್ಡಾಯಗೊಳಿಸಿದೆ. ಇದಿಲ್ಲದೆ ರಸ್ತೆಗಿಳಿದವನಿಗೆ ಮೊದಲ ಬಾರಿಗೆ 2,000 ರೂಪಾಯಿ ದಂಡವನ್ನೋ, ಮೂರು ತಿಂಗಳವರೆಗಿನ ಸೆರೆವಾಸವನ್ನೋ, ಎರಡನ್ನೂ ಕೂಡಿಯೋ ವಿಧಿಸಬಹುದು. ಸಾವುನೋವಿನ ಪರಿಹಾರಕ್ಕೆ ಇಲ್ಲಿ ಮೇಲ್ಮಿತಿಯಿಲ್ಲ. ಪರರ ಸ್ವತ್ತಿಗಾದ ಹಾನಿಗೆ ಮಾತ್ರ 7.5 ಲಕ್ಷ ರೂಪಾಯಿಯ ಮಿತಿಯುಂಟು. ಈ ಭಾಗದ ದರವನ್ನು ಗೊತ್ತುಪಡಿಸುವುದು ಕೇಂದ್ರ ಸರಕಾರವೇ ಹೊರತು ಕಂಪನಿಯಲ್ಲ. 2022ರ ಜೂನ್ 1ರಿಂದ ಜಾರಿಗೆ ಬಂದ ಆಜ್ಞೆಯಂತೆ 1,000 ಸಿಸಿಗೆ ಮೀರದ ಖಾಸಗಿ ಕಾರಿಗೆ 2,094 ರೂಪಾಯಿ, 1,500 ಸಿಸಿಯವರೆಗಿನದಕ್ಕೆ 3,416, ಅದಕ್ಕೂ ಮೇಲ್ಪಟ್ಟದ್ದಕ್ಕೆ 7,897 ಎಂದು ನಿಗದಿಯಾಯಿತು. ಯಾವ ಕಂಪನಿಯ ಬಾಗಿಲಿಗೆ ಹೋದರೂ ದರ ಅದೇ. ಆದುದರಿಂದ ‘ಥರ್ಡ್ ಪಾರ್ಟಿ ನಮ್ಮಲ್ಲಿ ಅಗ್ಗ’ ಎನ್ನುವವನು ಒಂದೋ ವಿಷಯವರಿಯದವನು, ಇಲ್ಲವೇ ನಕಲಿ ಪಾಲಿಸಿ ಮಾರುವವನು.

ದರಪಟ್ಟಿಗಳ ನಡುವಣ ಅಂತರವೆಲ್ಲ ಹುಟ್ಟುವುದು ಎರಡನೆಯ ಭಾಗದಲ್ಲಿ, ಅಂದರೆ ಸ್ವಂತ ವಾಹನಕ್ಕೆ ಒದಗುವ ಹಾನಿಯ ರಕ್ಷಣೆಯಲ್ಲಿ. ಅಪಘಾತ, ಕಳವು, ಅಗ್ನಿ, ಪ್ರವಾಹ, ಬಿರುಗಾಳಿ, ಗಲಭೆಗಳು ಇದರೊಳಗೆ ಸೇರುತ್ತವೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಕಾರು ಜಖಂಗೊಂಡರೆ ಅದೂ ಇದರಲ್ಲಿಯೇ ಬರುತ್ತದೆ. ಎರಡೂ ಭಾಗಗಳು ಕೂಡಿದ ಪಾಲಿಸಿಗೆ ಊರಮಂದಿ ‘ಫುಲ್ ಇನ್ಶೂರೆನ್ಸ್’ ಎನ್ನುತ್ತಾರಾದರೂ, ಅದು ಎಷ್ಟರಮಟ್ಟಿಗೆ ಅಪೂರ್ಣವೆಂಬುದು ಗ್ಯಾರೇಜಿನ ಬಿಲ್ಲು ಕೈಗೆ ಬಂದಾಗಲೇ ತಿಳಿಯುವುದು. 2007ರ ಜನವರಿಯಿಂದ ಈ ಭಾಗದ ದರವನ್ನು ಕಂಪನಿಗಳ ವಿವೇಚನೆಗೆ ಬಿಟ್ಟುದರಿಂದ ಸ್ಪರ್ಧೆ ಬಂದಿತು. ಸ್ಪರ್ಧೆಯೊಡನೆ ಕೈಚಳಕವೂ ಬಂದಿತು.

ಆ ಕೈಚಳಕದ ಮೂಲಸ್ಥಾನ ಐಡಿವಿ. ಕಾರು ಕಳುವಾದಾಗ ಅಥವಾ ಪೂರ್ಣ ನಾಶವಾದಾಗ ಕಂಪನಿಯು ಕೊಡಲೊಪ್ಪುವ ಗರಿಷ್ಠ ಮೊತ್ತವಿದು. ತಯಾರಕರ ಪಟ್ಟಿಬೆಲೆಯಿಂದ ವಾಹನದ ವಯಸ್ಸಿಗನುಸಾರವಾಗಿ ಸವಕಳಿಯನ್ನು ಕಳೆದು ಇದನ್ನು ಗಣಿಸತಕ್ಕದ್ದು: ಒಂದರಿಂದ ಎರಡು ವರ್ಷದ ಕಾರಿಗೆ ಶೇಕಡಾ 20, ಮೂರು ತುಂಬುವವರೆಗೆ 30, ನಾಲ್ಕರವರೆಗೆ 40, ಐದರವರೆಗೆ 50, ಅಲ್ಲಿಂದಾಚೆಗೆ ಉಭಯ ಪಕ್ಷಗಳೂ ಒಪ್ಪಿದ್ದೇ ಬೆಲೆ. ಆದರೆ ವ್ಯವಹಾರದಲ್ಲಿ ಈ ಅಂಕಿಯನ್ನು ಮೇಲೆ ಕೆಳಗೆ ಜರುಗಿಸುವ ಅವಕಾಶವಿರುವುದರಿಂದ, ಕೊನೆಯ ಸಾಲನ್ನು ಚಿಕ್ಕದಾಗಿಸುವ ಅತಿ ಸುಲಭ ಮಾರ್ಗವೆಂದರೆ ಇದನ್ನು ಸದ್ದಿಲ್ಲದೆ ತಗ್ಗಿಸುವುದು. ಒಂದೇ ಕಾರಿಗೆ ಒಬ್ಬರು ಆರು ಲಕ್ಷ ಐಡಿವಿಯನ್ನೂ, ಇನ್ನೊಬ್ಬರು ಐದು ಲಕ್ಷ ಹತ್ತು ಸಾವಿರವನ್ನೂ ಹಿಡಿದು, ಎರಡನೆಯವರ ಪ್ರೀಮಿಯಂ ಸಾವಿರದ ನಾನೂರು ರೂಪಾಯಿ ಕಡಮೆಯೆಂದಿಟ್ಟುಕೊಳ್ಳೋಣ. ಕಾರು ಕಳುವಾದರೆ ಆ ಸಾವಿರದ ನಾನೂರಕ್ಕಾಗಿ ಕಳೆದುಕೊಂಡದ್ದು ತೊಂಬತ್ತು ಸಾವಿರ. ಇದು ಎಲ್ಲರಿಗೂ ಹೊಳೆಯುವ ಲೆಕ್ಕ. ಹೊಳೆಯದಿರುವ ಲೆಕ್ಕ ಇನ್ನೊಂದಿದೆ. ರಿಪೇರಿಯ ವೆಚ್ಚವು ಐಡಿವಿಯ ಶೇಕಡಾ 75ನ್ನು ಮೀರಿತೆಂದರೆ ಕಾರನ್ನು ಪೂರ್ಣ ನಷ್ಟವೆಂದೇ ಪರಿಗಣಿಸಲಾಗುತ್ತದೆ. ನಾಲ್ಕು ಲಕ್ಷದ ರಿಪೇರಿಯೊಂದು ಬಂದಾಗ, ಆರು ಲಕ್ಷದ ಪಾಲಿಸಿಯಲ್ಲಿ ಮಿತಿ ನಾಲ್ಕೂವರೆ ಲಕ್ಷವಾದ್ದರಿಂದ ಕಾರು ದುರಸ್ತಿಯಾಗಿ ಮನೆಗೆ ಬರುತ್ತದೆ. ಅಗ್ಗದ ಪಾಲಿಸಿಯಲ್ಲಿ ಮಿತಿ 3,82,500 ರೂಪಾಯಿ ಮಾತ್ರವಾದ್ದರಿಂದ ಅದೇ ಕಾರು ಗುಜರಿಯ ಪಾಲಾಗಿ, ಮಾಲೀಕನ ಕೈಗೆ ತಗ್ಗಿಸಿದ ಮೊತ್ತವಷ್ಟೇ ಸೇರುತ್ತದೆ.

ಇನ್ನು ಬಿಡಿಭಾಗಗಳ ಸವಕಳಿ. ಎರಡು ವರ್ಷ ಮೂರು ತಿಂಗಳಾದ ಕಾರೊಂದು ನಿಂತ ಲಾರಿಯ ಹಿಂಭಾಗಕ್ಕೆ ಗುದ್ದಿತೆನ್ನಿ. ಬಂಪರಿಗೆ 12,000, ಮುಂಭಾಗದ ಪ್ಲಾಸ್ಟಿಕ್ ಜಾಲರಿಗೆ 4,000, ಬಾನೆಟ್ಟಿಗೆ 10,000, ಗಾಜಿಗೆ 8,000, ಒಟ್ಟು 34,000 ರೂಪಾಯಿ. ಸಾಧಾರಣ ಪಾಲಿಸಿಯ ನಿಯಮದಂತೆ ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗಳ ಮೇಲೆ ಶೇಕಡಾ 50ರಷ್ಟು ಕಡಿತ. ಲೋಹದ ಭಾಗಕ್ಕೆ ಈ ವಯಸ್ಸಿನಲ್ಲಿ ಶೇಕಡಾ 15. ಗಾಜಿಗೆ ಮಾತ್ರ ಕಡಿತವಿಲ್ಲ. ಹೀಗೆ ಎಂಟು ಸಾವಿರವೂ ಸಾವಿರದ ಐನೂರೂ ಕಳೆದು, ಅದರ ಮೇಲೆ 1,500 ಸಿಸಿವರೆಗಿನ ಕಾರಿನ ಪ್ರತಿ ಕ್ಲೇಮಿನಲ್ಲಿಯೂ ಮಾಲೀಕನೇ ಭರಿಸಬೇಕಾದ ಕಡ್ಡಾಯದ ಸಾವಿರವನ್ನೂ ಸೇರಿಸಿದರೆ, ‘ಫುಲ್ ಇನ್ಶೂರೆನ್ಸ್’ ಇದ್ದವನ ಜೇಬಿನಿಂದ 10,500 ರೂಪಾಯಿ ಹೋಯಿತು. ಬಣ್ಣದ ಸಾಮಗ್ರಿಯ ಅರ್ಧ ವೆಚ್ಚ ಬೇರೆ. ಈ ಸವಕಳಿಯ ಕಡಿತವನ್ನು ತೊಡೆದುಹಾಕುವ ಹೆಚ್ಚುವರಿ ರಕ್ಷಣೆಯೇ ‘ಜೀರೋ ಡೆಪ್’, ಗ್ಯಾರೇಜಿನವರ ಭಾಷೆಯಲ್ಲಿ ‘ಬಂಪರ್ ಟು ಬಂಪರ್’. ಮೊದಲ ಐದು ವರ್ಷ ಇದನ್ನು ಬಿಡಬಾರದೆಂದೇ ನನ್ನ ಮತ. ನಗರದ ದಟ್ಟಣೆಯಲ್ಲಿ ನಿತ್ಯ ಸಂಚರಿಸುವವರಂತೂ ಸರ್ವಥಾ ಬಿಡಬಾರದು.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು, ಹೊರ ವರ್ತುಲ ರಸ್ತೆಯ ಆಸುಪಾಸು ಜಲಾವೃತವಾಗಿ, ಲಕ್ಷಾಂತರ ರೂಪಾಯಿಯ ಕಾರುಗಳು ನೆಲಮಾಳಿಗೆಗಳಲ್ಲಿ ಮುಳುಗಿದುದು ಓದುಗರ ನೆನಪಿನಲ್ಲಿದೆಯಷ್ಟೆ. ಥರ್ಡ್ ಪಾರ್ಟಿ ಮಾತ್ರವಿದ್ದವರಿಗೆ ಇಂಥಲ್ಲಿ ಒಂದು ಕಾಸೂ ಸಲ್ಲುವುದಿಲ್ಲ. ಪೂರ್ಣ ಪಾಲಿಸಿಯಿದ್ದವರಿಗೆ ಪ್ರವಾಹದ ಹಾನಿ ಸಲ್ಲುತ್ತದೆ. ಆದರೆ ನೀರು ಹೊಕ್ಕ ಎಂಜಿನನ್ನು ಆತುರದಿಂದ ಚಾಲೂ ಮಾಡಿ ಅದು ಒಳಗೇ ಮುರಿದರೆ, ಅದು ಪ್ರವಾಹದ ನೇರ ಫಲವಲ್ಲ, ತದನಂತರದ ಕೃತ್ಯದ ಫಲವೆಂದು ವಾದಿಸಿ ಕಂಪನಿಗಳು ಕೈಚೆಲ್ಲುವುದುಂಟು. ಎಂಜಿನ್ ರಕ್ಷಣೆಯೆಂಬ ಪ್ರತ್ಯೇಕ ಸೇರ್ಪಡೆ ಇದಕ್ಕಾಗಿಯೇ ಇದೆ. ತಗ್ಗು ಬಡಾವಣೆಗಳಲ್ಲಿ ವಾಸಿಸುವವರಿಗೆ ಅದು ಅಗತ್ಯ. ಎತ್ತರದ ಬಯಲೂರಿನವರು ಆ ಹಣವನ್ನು ಉಳಿಸಿಕೊಳ್ಳಬಹುದು. ಅದೇನೇ ಇರಲಿ, ಮುಳುಗಿದ ಕಾರಿನ ಬೀಗದ ಕೈಯನ್ನು ಯಾರೂ ತಿರುಗಿಸಕೂಡದು.

ಕ್ಲೇಮು ಮಾಡದವರಿಗೆ ದೊರೆಯುವ ಬೋನಸು ವರ್ಷದಿಂದ ವರ್ಷಕ್ಕೆ ಶೇಕಡಾ 20ರಿಂದ ಏರಿ 50ರಲ್ಲಿ ನಿಲ್ಲುತ್ತದೆ. ಇದು ಎರಡನೆಯ ಭಾಗದ ಪ್ರೀಮಿಯಂಗೆ ಮಾತ್ರ ಅನ್ವಯಿಸುವಂಥದು. ಕಾರನ್ನು ಮಾರಿದರೂ ಈ ಬೋನಸು ಕಾರಿನೊಡನೆ ಹೋಗದೆ ಒಡೆಯನಲ್ಲಿಯೇ ಉಳಿಯುತ್ತದೆಂಬುದು ಅನೇಕರಿಗೆ ತಿಳಿಯದು. ಅವಧಿ ಮುಗಿದು 90 ದಿನ ಮೀರಿತೆಂದರೆ ಮಾತ್ರ ಅದು ಪೂರ್ತಿಯಾಗಿ ನಷ್ಟ. ಕ್ಲೇಮು ಮಾಡಿದವರು ಮಾಡಿಲ್ಲವೆಂದು ಬರೆದುಕೊಟ್ಟು ಬೋನಸು ಪಡೆಯುವುದೂ ಒಂದು ಚಾಳಿಯಾಗಿದೆ. ದೊಡ್ಡ ಅಪಘಾತದ ಹೊತ್ತಿಗೆ ಆ ಒಂದು ಸುಳ್ಳು ಇಡೀ ಪರಿಹಾರವನ್ನೇ ನುಂಗಬಹುದು. ಕೆಲವು ದರಪಟ್ಟಿಗಳಲ್ಲಿ ಸ್ವಯಂಪ್ರೇರಿತ ಕಡಿತವೆಂಬ ಸಾಲೊಂದು ತಾನಾಗಿ ಸೇರಿರುತ್ತದೆ. ಅಂಥಲ್ಲಿ ಪ್ರತಿ ಕ್ಲೇಮಿಗೂ ಕಡ್ಡಾಯದ ಸಾವಿರದ ಮೇಲೆ ಇನ್ನೂ ಕೆಲವು ಸಾವಿರ ನಮ್ಮದೇ.

ಇವನ್ನೆಲ್ಲ ಅರಿಯುವ ಹೊರೆಯನ್ನು ಗ್ರಾಹಕನೊಬ್ಬನ ಮೇಲೆಯೇ ಹೊರಿಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ. ಹೈದರಾಬಾದಿನಲ್ಲಿರುವ ವಿಮಾ ನಿಯಂತ್ರಣ ಪ್ರಾಧಿಕಾರವು ಮನಸ್ಸು ಮಾಡಿದರೆ, ಐಡಿವಿ, ಸವಕಳಿಯ ಕಡಿತ, ಮಾಲೀಕನು ಭರಿಸಬೇಕಾದ ಮೊತ್ತ ಈ ಮೂರನ್ನು ಪ್ರೀಮಿಯಂನಷ್ಟೇ ದಪ್ಪ ಅಕ್ಷರದಲ್ಲಿ, ಗ್ರಾಹಕನ ಭಾಷೆಯಲ್ಲಿ, ಪ್ರತಿ ದರಪಟ್ಟಿಯ ತಲೆಯ ಮೇಲೆ ಮುದ್ರಿಸಬೇಕೆಂದು ಆಜ್ಞೆ ಮಾಡುವುದು ಕಷ್ಟವೇನಲ್ಲ. ದೂರವಾಣಿಯಲ್ಲಿ ಮಾರುವಾಗ ಕಂಗ್ಲಿಷಿನ ಹೊಳೆ ಹರಿಸಿ, ಪಾಲಿಸಿಯ ಕಾಗದ ಕಳುಹಿಸುವಾಗ ವಕೀಲರ ಇಂಗ್ಲಿಷಿನ ಮರೆಗೆ ಸರಿಯುವ ಪದ್ಧತಿಯು ನಿಲ್ಲತಕ್ಕದ್ದು.

ಅಲ್ಲಿಯವರೆಗೆ ಓದುಗರು ಮಾಡಬಹುದಾದುದು ಇಷ್ಟು: ಎಲ್ಲ ದರಪಟ್ಟಿಗಳನ್ನೂ ಒಂದೇ ಐಡಿವಿಗೆ, ಒಂದೇ ಬಗೆಯ ಸೇರ್ಪಡೆಗಳಿಗೆ ಹೊಂದಿಸಿ ಬರೆಯಿಸಿಕೊಂಡು, ಆಮೇಲೆ ಕೊನೆಯ ಸಾಲನ್ನು ಹೋಲಿಸಿ. ಷೋರೂಮಿನವರ ಪಾಲಿಸಿಯನ್ನೇ ಕೊಳ್ಳಬೇಕೆಂಬ ನಿರ್ಬಂಧ ಯಾವ ಕಾನೂನಿನಲ್ಲಿಯೂ ಇಲ್ಲ. ಕ್ಲೇಮನ್ನು ಅನ್ಯಾಯವಾಗಿ ತಿರಸ್ಕರಿಸಿದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮ್ಮತವಾಗದಿದ್ದರೆ, ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ವರ್ಷದೊಳಗೆ ಅರ್ಜಿ ಸಲ್ಲಿಸಿ. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಅವರು ಕೊಡುವ ತೀರ್ಪಿಗೆ ಕಂಪನಿಯು ಬದ್ಧ.