ಬಿಳಿ ಕಲೆಗೆ ಹೆದರಿ ಸಂಬಂಧ ಬಿಡಬೇಡಿ

ಜಮಖಂಡಿ, ಮುಧೋಳ, ಬೀಳಗಿಯಲ್ಲಾಗಲಿ, ರಬಕವಿ-ಬನಹಟ್ಟಿಯ ನೇಕಾರರ ಓಣಿಗಳಲ್ಲಾಗಲಿ, ಹೆಣ್ಣುಮಗಳ ಕೈಮೇಲೆ ಒಂದು ಬಿಳಿ ಕಲೆ ಕಂಡರೆ ಮನೆಯವರಿಗೆ ಮೊದಲು ನೆನಪಾಗುವುದು ವೈದ್ಯರಲ್ಲ, ಅವಳ ನಿಕಾಹ್. ಕಲೆಯನ್ನು ಮುಚ್ಚಿಡುತ್ತಾರೆ. ಗೊತ್ತಾದರೆ ಬಂದ ಸಂಬಂಧ ಹಿಂದೆ ಹೋಗುತ್ತದೆ. ಕಾಯಿಲೆಗಿಂತ ಇದೇ ದೊಡ್ಡ ಅನ್ಯಾಯ.

ತೊನ್ನನ್ನು 'ಬಿಳಿ ಕುಷ್ಠ' ಎಂದು ಕರೆದದ್ದೇ ಮೊದಲ ತಪ್ಪು. ತೊನ್ನಿನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ನಾಶ ಮಾಡುತ್ತದೆ. ಒಂದೇ ತಟ್ಟೆಯಲ್ಲಿ ಉಂಡರೂ ಅದು ಅಂಟುವುದಿಲ್ಲ. ಮೀನು ತಿಂದು ಹಾಲು ಕುಡಿದರೆ ಬರುತ್ತದೆ ಎನ್ನುವುದು ಸುಳ್ಳು. ಆದರೆ ಕೆಲವರಿಗೆ ರಬ್ಬರ್ ಚಪ್ಪಲಿಯ ಪಟ್ಟಿಯಲ್ಲಿ, ಹಬ್ಬಕ್ಕೆ ಹಚ್ಚುವ ಕಪ್ಪು ಮೆಹೆಂದಿಯಲ್ಲಿ ಇರುವ ರಾಸಾಯನಿಕಗಳಿಂದ ಅದೇ ಜಾಗ ಬೆಳ್ಳಗಾಗುವುದುಂಟು.

ಕುಷ್ಠದ ಕಲೆ ಬೇರೆ. ಅದು ಹಾಲಿನಂತೆ ಬೆಳ್ಳಗಿರುವುದಿಲ್ಲ, ಮಾಸಿದಂತೆ ಅಥವಾ ಕೆಂಪಗೆ ಇರುತ್ತದೆ. ಮುಟ್ಟಿದರೆ, ಚುಚ್ಚಿದರೆ ಸರಿಯಾಗಿ ತಿಳಿಯುವುದಿಲ್ಲ. ಅಂಥ ಕಲೆ ಕಂಡರೆ ತಡಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಮಾತ್ರೆ ಉಚಿತ, ಆರು ಅಥವಾ ಹನ್ನೆರಡು ತಿಂಗಳಲ್ಲಿ ಪೂರ್ತಿ ಗುಣವಾಗುತ್ತದೆ. ಕುಷ್ಠವೆಂಬ ಕಾರಣಕ್ಕೆ ವಿಚ್ಛೇದನ ಕೇಳಲು 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯಲ್ಲಿದ್ದ ಅವಕಾಶವನ್ನು 2019ರಲ್ಲಿ ತೆಗೆದುಹಾಕಲಾಗಿದೆ. ಕುಷ್ಠಕ್ಕೇ ಇಲ್ಲದ ಕಾರಣ ತೊನ್ನಿಗೆ ಎಲ್ಲಿಂದ ಬಂತು?

ಸಂಬಂಧದ ಈ ಭಯವೇ ಮುಖದ ಬಂಗಿಗೆ ಕ್ರೀಮ್ ಹುಡುಕುವಂತೆಯೂ ಮಾಡುತ್ತದೆ. ಬಂಗು ಬರುವುದು ಬಿಸಿಲಿನಿಂದ, ಗರ್ಭಧಾರಣೆಯಿಂದ, ಕೆಲವು ಮಾತ್ರೆಗಳಿಂದ; ಒಲೆಯ ಶಾಖವೂ ಅದನ್ನು ಹೆಚ್ಚಿಸುತ್ತದೆ. 'ಎಂಟು ದಿನದಲ್ಲಿ ಬೆಳ್ಳಗೆ' ಎನ್ನುವ ಎಷ್ಟೋ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲು ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ, ಕೂದಲು ಬಂದು, ಬಿಟ್ಟರೆ ಉರಿ. ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಅಂದಹಾಗೆ, ಮಕ್ಕಳ ಕುತ್ತಿಗೆ ಕಪ್ಪಗೆ ದಪ್ಪಗಾದರೆ ಉಜ್ಜಿ ತೊಳೆದು ಪ್ರಯೋಜನವಿಲ್ಲ. ಅದು ಕೊಳೆಯಲ್ಲ, ತೂಕ ಮತ್ತು ಸಕ್ಕರೆ ಪರೀಕ್ಷಿಸಿ.

ತೊನ್ನಿಗೆ ಮುಲಾಮು, ಬೆಳಕಿನ ಚಿಕಿತ್ಸೆ ಇವೆ. ಬೇಗ ಶುರು ಮಾಡಿದರೆ ಮುಖದ ಕಲೆ ಚೆನ್ನಾಗಿ ತುಂಬುತ್ತದೆ. ಬೆರಳ ತುದಿ, ತುಟಿಯದು ಕಷ್ಟ. ಬೆಳಕಿನ ಚಿಕಿತ್ಸೆಗೆ ವಾರಕ್ಕೆ ಎರಡು-ಮೂರು ಸಲ, ತಿಂಗಳುಗಟ್ಟಲೆ ಹೋಗಬೇಕು. ಬನಹಟ್ಟಿಯ ನೇಕಾರ ಮಗ್ಗ ನಿಲ್ಲಿಸಿ ಮಗಳನ್ನು ಬಾಗಲಕೋಟೆಗೆ ಕರೆದೊಯ್ದರೆ ಆ ದಿನದ ಕೂಲಿ ಹೋಯಿತು. ಇನ್ನು ಎಷ್ಟು ದಿನ ಹೋದಾನು? ಮದುವೆಗಳಿಗೆ ನೆರವಾಗುವ ನಮ್ಮ ಜಮಾಅತ್‌ಗಳು ಈ ಬಸ್ ಖರ್ಚನ್ನೂ ನೋಡಿಕೊಳ್ಳಲಿ.